ಕುಲೇನ್ ಬೆಟ್ಟದ ಗಂಗಮ್ಮ

ಹೊಸದುರ್ಗದ ಸಿದ್ದಕ್ಕನಿಗೆ ವಿಮಾನ ಹತ್ತುವ ಆಸೆ ಯಾವ ಕಾಲಕ್ಕೂ ಇರಲಿಲ್ಲ. ಹತ್ತಿಸಿದವನು ಅವಳ ತಮ್ಮ ಹಾಲಸ್ವಾಮಿ. ಕಾಲೇಜಿನಲ್ಲಿ ಇತಿಹಾಸ ಪಾಠ ಹೇಳಿ ಹೇಳಿ ನಿವೃತ್ತನಾದ ಈ ಪುಣ್ಯಾತ್ಮನಿಗೆ ದುರ್ಗದ ಕೋಟೆ, ಹಂಪಿ, ಬಾದಾಮಿ ಎಲ್ಲ ಸಾಲದೆ, ಎರಡು ಸಾವಿರದ ಎಂಟರ ಜನವರಿಯಲ್ಲಿ ಗೆಳೆಯರ ಗುಂಪು ಕಟ್ಟಿಕೊಂಡು ಕಾಂಬೋಡಿಯಾಕ್ಕೆ ಹೊರಟ. ಹೊರಟವನು ತನ್ನ ಪಾಡಿಗೆ ತಾನು ಹೋಗಬಾರದೇ? ಅಕ್ಕನಿಗೂ ಅಕ್ಕನ ಮಗಳು ಲತಾಳಿಗೂ ಗಂಟುಬಿದ್ದ.

"ಅಲ್ಲೇನೈತೋ ಅಂಥಾದ್ದು?" ಎಂದಳು ಸಿದ್ದಕ್ಕ.

"ಶಿವ ಅವ್ನೆ ಅಕ್ಕಯ್ಯ."

"ಶಿವ ಇಲ್ಲಿಲ್ವೇನೋ? ಅಷ್ಟು ದೂರ ಹೋಗಿ ನೋಡಕೆ ಅವನೇನು ನಮ್ಮ ಬೀಗನೇ?"

"ಅಲ್ಲಿ ಹೊಳೆ ಒಳಗೆ ಮಲಗವ್ನೆ. ಬೆಟ್ಟದ ಮೇಲೊಂದು ಹೊಳೆ. ನೀರಿನ ತಳದ ಬಂಡೆಗೆ ಸಾವಿರ ಲಿಂಗ ಕೆತ್ತವ್ರೆ. ಪಕ್ಕದಾಗೆ ಒಂದು ಬುಗ್ಗೆ. ಗಂಗಮ್ಮ ನೆಲದೊಳಗಿಂದ ಉಕ್ಕುಕ್ಕಿ ಬರ್ತಾಳೆ."

ಅಲ್ಲಿಯವರೆಗೆ ಅಕ್ಕಿ ಆರಿಸುತ್ತಿದ್ದ ಸಿದ್ದಕ್ಕನ ಕೈ ಮೊರದಲ್ಲೇ ನಿಂತಿತು. "ಉಕ್ಕಿ ಬರ್ತಾಳಾ? ಹಂಗಾದ್ರೆ ನಡಿ, ಹೋಗಾಣ," ಎಂದುಬಿಟ್ಟಳು. ಹಾಲಸ್ವಾಮಿ ತನ್ನ ಮಾತಿನ ಚಮತ್ಕಾರವನ್ನು ತಾನೇ ಮೆಚ್ಚಿಕೊಂಡು ಮನೆಗೆ ಹೋದ. ಅಕ್ಕ ಒಪ್ಪಿದ್ದು ಯಾತಕ್ಕೆ ಎಂದು ಅವನಿಗೇನು ಗೊತ್ತು!

ಗೊತ್ತಿದ್ದವಳು ಲತಾ ಒಬ್ಬಳೇ. ಹೊಸದುರ್ಗದ ಸೀಮೆಯಲ್ಲಿ ಮನಸ್ಸು ಇಬ್ಬಂದಿಯಾದವರು ಹೋಗುವುದು ಹಾಲುರಾಮೇಶ್ವರಕ್ಕೆ. ಅಲ್ಲಿ ಗಂಗೆಯ ಕೊಳದ ಮುಂದೆ ಕೂತು ಕೇಳಿಕೊಳ್ಳಬೇಕು. ಪೂಜಾರಿ ಗಂಗಮ್ಮನನ್ನು ಕರೆಯುತ್ತಾನೆ. ಒಪ್ಪಿಗೆಯಿದ್ದರೆ ನೀರಿನ ಒಳಗಿನಿಂದ ಹೂವೋ, ಬಾಳೆಹಣ್ಣೋ, ಎಲೆಯಡಿಕೆಯೋ ಮೇಲೆ ತೇಲಿ ಬರುತ್ತದೆ. ಸಿದ್ದಕ್ಕ ಹೊಲ ಕೊಂಡದ್ದು, ಮನೆ ಕಟ್ಟಿದ್ದು, ಗಂಡನಿಗೆ ಆಪರೇಷನ್ ಮಾಡಿಸಿದ್ದು, ಎಲ್ಲವೂ ಅಲ್ಲಿ ಕೇಳಿಯೇ. ಲತಾಳ ಮದುವೆಗೂ ಕೇಳಿದ್ದಳು. ಆಗ ಬಿಳಿಯ ಹೂವೊಂದು ಮೇಲೆ ಬಂದಿತ್ತು. ಮದುವೆಯಾದ ಎರಡನೇ ವರ್ಷ ಅಳಿಯ ಹಿರಿಯೂರಿನ ಹತ್ತಿರ ಲಾರಿಗೆ ಸಿಕ್ಕಿ ಸತ್ತ.

ಲತಾ ಹೊಳಲ್ಕೆರೆಯಲ್ಲಿ ಹೈಸ್ಕೂಲ್ ಟೀಚರು. ಅದೇ ಶಾಲೆಯ ಮಾರುತೇಶ್ ಮೇಷ್ಟ್ರು ಅವಳನ್ನು ಮದುವೆಯಾಗುತ್ತೇನೆಂದು ಮುಂದೆ ಬಂದ. ಅವನ ತಾಯಿ ಬರಗೇರಮ್ಮ ತಾನೇ ಹೊಸದುರ್ಗಕ್ಕೆ ಬಂದು, ಕಾಫಿ ಕುಡಿದು, ಬಾಯಿಬಿಟ್ಟು ಕೇಳಿದಳು. ಸಿದ್ದಕ್ಕ ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಸೀದಾ ಹಾಲುರಾಮೇಶ್ವರಕ್ಕೆ ಹೋದಳು. ಗಂಗಮ್ಮ ಏನನ್ನೂ ಕೊಡಲಿಲ್ಲ. ಕಾರ್ತಿಕದಲ್ಲಿ ಮತ್ತೊಮ್ಮೆ ಹೋದಳು. ಆಗಲೂ ಬರಿಯ ನೀರು. ಬರಗೇರಮ್ಮ ಹೇಳಿಕಳಿಸಿದಳು: "ಯುಗಾದಿವರೆಗೂ ಕಾಯ್ತೀವಿ ಸಿದ್ದಕ್ಕ. ಆಮೇಲೆ ನನ್ನ ಮಗನಿಗೆ ಬೇರೆ ಕಡೆ ನೋಡ್ತೀವಿ. ಬೇಜಾರ್ ಮಾಡ್ಕಬೇಡ." ಆ ಮಾತು ತಪ್ಪೆನ್ನುವ ಹಾಗೂ ಇರಲಿಲ್ಲ.

ಹೀಗಾಗಿ ಸಿದ್ದಕ್ಕ ಅರಿಶಿನ, ಕುಂಕುಮ, ಬಾಗಿನಕ್ಕೊಂದು ಕುಬಸದ ಕಣ, ಹೊಳಲ್ಕೆರೆಯ ಅಡಿಕೆ ಎಲ್ಲವನ್ನೂ ಚೀಲದಲ್ಲಿ ತುಂಬಿಕೊಂಡು ಸಮುದ್ರ ದಾಟಿದಳು. ಊರಿನ ಗಂಗಮ್ಮ ಮುನಿಸಿಕೊಂಡಿದ್ದರೆ ಹೊರಗಿನ ಗಂಗಮ್ಮನನ್ನು ಕೇಳುವುದು. ಅವಳ ಲೆಕ್ಕ ಅಷ್ಟೇ.

ಆದರೆ ಅಂಕೋರ್ ವಾಟ್ ದೇವಸ್ಥಾನ ಅವಳನ್ನು ಮೊದಲು ಹಿಡಿದು ನಿಲ್ಲಿಸಿತು. ಬಸ್ಸಿಳಿದಾಗ ಇನ್ನೂ ನಸುಕು. ಸುತ್ತ ಕಂದಕ. ಕಂದಕವೆಂದರೆ ನಮ್ಮ ದುರ್ಗದ ಕಂದಕವಲ್ಲ, ಆಚೆ ದಡದ ಮನುಷ್ಯ ಕಡ್ಡಿಯಷ್ಟು ಕಾಣುವ ಅಗಲದ ನೀರು. ಅದರ ಆಚೆ ಕಪ್ಪಗೆ ಗೋಪುರಗಳು. ಹಿಂದಿನಿಂದ ಸೂರ್ಯ ಎದ್ದ. ಕಲ್ಲೆಲ್ಲ ಕೆಂಪಾಯಿತು, ನೀರೂ ಕೆಂಪಾಯಿತು. ಬಸ್ಸಿನಲ್ಲಿ ಒಂದೇ ಸಮ ವಟಗುಟ್ಟುತ್ತಿದ್ದ ಹಾಲಸ್ವಾಮಿಯ ಗೆಳೆಯರ ಬಾಯಿ ಬಂದ್ ಆಯಿತು.

"ಅಯ್ಯೋ ನಮ್ಮಪ್ಪನೇ!" ಎಂದಳು ಸಿದ್ದಕ್ಕ. ಕಂದಕದ ಸೇತುವೆಯ ಮೇಲೆಯೇ ಚಪ್ಪಲಿ ಬಿಟ್ಟಳು. ಎಲ್ಲರೂ ಬೂಟು ಹಾಕಿಕೊಂಡೇ ಹೋಗುತ್ತಾರೆ, ಬಿಸಿಲೇರಿದರೆ ಕಲ್ಲು ಸುಡುತ್ತದೆ ಎಂದು ತಮ್ಮ ಎಷ್ಟು ಹೇಳಿದರೂ ಕೇಳಲಿಲ್ಲ. ಲತಾ ಆ ಚಪ್ಪಲಿಗಳನ್ನು ಚೀಲಕ್ಕೆ ಹಾಕಿಕೊಂಡು ಹಿಂದೆ ನಡೆದಳು.

ಒಳಗೊಂದು ಗೋಡೆ. ನೋಡಿದಷ್ಟೂ ಮುಗಿಯದ ಗೋಡೆ. ಅದರ ಉದ್ದಕ್ಕೂ ದೇವತೆಗಳು, ರಾಕ್ಷಸರು ಹಾವನ್ನು ಹಿಡಿದು ಎಳೆಯುತ್ತಿದ್ದಾರೆ. ಕೆಳಗೆ ಮೀನು, ಮೊಸಳೆ ಎಲ್ಲ ಕಡೆದ ರಭಸಕ್ಕೆ ತುಂಡುತುಂಡು. ಸಿದ್ದಕ್ಕ ಒಂದು ತುದಿಯಿಂದ ನೋಡುತ್ತ ಹೋದಳು. ರಾಕ್ಷಸರ ತೊಡೆಯ ಮಾಂಸಖಂಡ ಬಿಗಿದದ್ದು ಕೂಡ ಕಾಣುತ್ತಿತ್ತು.

"ಲೇ ಹಾಲಪ್ಪ, ಇದು ನಮ್ಮ ಸಮುದ್ರ ಕಡೆದ ಕತೆ ಅಲ್ವೇನೋ? ಇವರಿಗೆ ಯಾರೋ ಹೇಳಿದ್ದು?"

"ಅವರದೂ ಅದೇ ಕತೆ ಅಕ್ಕಯ್ಯ. ಒಂಬೈನೂರು ವರ್ಷದ ಕೆಳಗೆ ಕೆತ್ತವ್ರೆ."

ಒಂಬೈನೂರು ವರ್ಷ! ತನ್ನ ಅಜ್ಜಿಯ ಅಜ್ಜಿಯ ಹೆಸರೇ ತನಗೆ ಗೊತ್ತಿಲ್ಲ. ಹೆಸರಿಲ್ಲದ ಯಾರೋ ಬಿಸಿಲಲ್ಲಿ ಕೂತು, ಉಳಿ ಹಿಡಿದು, ಒಂದು ಮೀನಿನ ಕಣ್ಣನ್ನು ಕೂಡ ಬಿಡದೆ ಕೆತ್ತಿ ಎದ್ದುಹೋಗಿದ್ದಾರೆ. ಅವಳಿಗೆ ಎದೆ ತುಂಬಿ ಬಂತು. ಅಳಿಯನ ಮಣ್ಣಿನ ದಿನವೂ ಗಟ್ಟಿಯಾಗಿ ನಿಂತಿದ್ದ ಹೆಂಗಸು ಆ ಗೋಡೆಯ ಮುಂದೆ ಸೆರಗಿನಿಂದ ಕಣ್ಣೊರೆಸಿಕೊಂಡಳು. ಲತಾ ನೋಡಿದಳು. ಅವ್ವನ ಕೈ ಹಿಡಿದುಕೊಂಡಳು.

ಮಾರನೆಯ ದಿನ ಕುಲೇನ್ ಬೆಟ್ಟ. ದಾರಿಯುದ್ದಕ್ಕೂ ಕಾಡು. ಮೇಲೆ ಮೊಣಕಾಲುದ್ದದ ತಿಳಿನೀರಿನ ಹೊಳೆ. ಬಗ್ಗಿ ನೋಡಿದರೆ ತಳದ ಬಂಡೆಯ ಮೇಲೆ ಸಾಲುಸಾಲು ಲಿಂಗ. ಯಾವುದೂ ಎದ್ದು ನಿಂತದ್ದಲ್ಲ, ಇಡ್ಲಿ ತಟ್ಟೆಯ ಇಡ್ಲಿಗಳ ಹಾಗೆ ಒತ್ತೊತ್ತಾಗಿ ಕೂತವು. ಮೇಲೆ ನೀರು ಹರಿಯುತ್ತಲೇ ಇದೆ. ರಾಜರು ಹೋದರು, ಊರುಗಳು ಕಾಡಾದವು, ಅಭಿಷೇಕ ಮಾತ್ರ ನಿಂತಿಲ್ಲ. ಪೂಜಾರಿ ಬೇಡ, ಗಂಟೆ ಬೇಡ, ಯಾರೂ ನೋಡಬೇಕಾಗಿಯೂ ಇಲ್ಲ. ಸಿದ್ದಕ್ಕನಿಗೆ ಮೈ ಜುಮ್ಮೆಂದಿತು. ನೀರನ್ನು ಬೆರಳಿಂದ ಮುಟ್ಟಿ ಕಣ್ಣಿಗೊತ್ತಿಕೊಂಡಳು. ಒಳಗೆ ಕಾಲಿಡಲು ಮಾತ್ರ ಸುತರಾಂ ಒಪ್ಪಲಿಲ್ಲ.

ಬುಗ್ಗೆ ಸ್ವಲ್ಪ ಆಚೆಗಿತ್ತು. ಮರದ ನೆರಳಲ್ಲಿ ಒಂದು ಸಣ್ಣ ಕೊಳ. ತಳದ ಬಿಳಿ ಮರಳು ಹಾಲು ಉಕ್ಕುವ ಹಾಗೆ ಗುಳುಗುಳು ಮೇಲೇಳುತ್ತಿತ್ತು, ತಣ್ಣಗೆ ಕೆಳಗಿಳಿಯುತ್ತಿತ್ತು. ಇನ್ನೊಂದು ಕಡೆ ಮತ್ತೆ ಏಳುತ್ತಿತ್ತು. ಅಲ್ಲಿಯ ಜನ ಊದುಬತ್ತಿ ಹಚ್ಚಿ, ಕೈಮುಗಿದು, ಬಾಟಲಿಗಳಲ್ಲಿ ನೀರು ತುಂಬಿಕೊಳ್ಳುತ್ತಿದ್ದರು. ಸಿದ್ದಕ್ಕ ದಡದಲ್ಲಿ ಕೂತಳು. ಕುಬಸದ ಕಣ ಹಾಸಿ, ಅರಿಶಿನ ಕುಂಕುಮ ಇಟ್ಟು, ಸೆರಗೊಡ್ಡಿದಳು. ಕರೆಯಲು ಪೂಜಾರಿ ಇರಲಿಲ್ಲ. ತಾನೇ ಕರೆದಳು.

"ಅವ್ವಾ ಗಂಗಮ್ಮ, ಅಲ್ಲಿ ಬಾಯಿ ಬಿಡಲಿಲ್ಲ, ಇಲ್ಲಾದ್ರೂ ಬಿಡು. ನನ್ ಮಗಳನ್ನ ಆ ಹುಡುಗನಿಗೆ ಕೊಡಲಾ, ಬೇಡವಾ? ಒಂದು ಎಲೆಯಾದ್ರೂ ಕಳ್ಸು."

ಮರಳು ಎದ್ದಿತು, ಇಳಿಯಿತು. ಎಲೆಯಿಲ್ಲ, ಹೂವಿಲ್ಲ. ಹೊತ್ತಾಯಿತು. ಸಿದ್ದಕ್ಕನಿಗೆ ರೇಗಿತು.

"ಅವತ್ತು ಹೂವು ಕೊಟ್ಟೆಯಲ್ಲೇ! ನಿನ್ನ ನಂಬಿ ಕೊಟ್ಟೆ ಮಗಳನ್ನ. ಎರಡೇ ವರ್ಷಕ್ಕೆ ಕಿತ್ಕೊಂಡೆ. ಈಗ ಕೇಳಿದ್ರೆ ಮೂಕಿ ಹಂಗೆ ಕುಂತಿದೀಯ. ಇನ್ನೊಂದು ಸತಿ ಅವಳಿಗೆ ಹಂಗಾದ್ರೆ ನಾನು ಬದುಕ್ತೀನೇನೇ?" ಎಂದು ಗಟ್ಟಿಯಾಗಿಯೇ ಅಂದುಬಿಟ್ಟಳು. ಅಂದ ಮೇಲೆ ಅವಳಿಗೇ ಭಯವಾಯಿತು. ಇಷ್ಟು ದಿನ ತಾನು ಕಾಯುತ್ತಿದ್ದದ್ದು ಗಂಗಮ್ಮನ ಒಪ್ಪಿಗೆಗಲ್ಲ, ಮತ್ತೆ ಏನೂ ಆಗುವುದಿಲ್ಲವೆಂಬ ಭರವಸೆಗೆ. ಅದನ್ನು ಯಾವ ನೀರು ತಾನೇ ಕೊಡುತ್ತದೆ?

ಪಕ್ಕದಲ್ಲಿ ಕೂತಿದ್ದ ಆ ದೇಶದ ಒಬ್ಬ ಅಜ್ಜಿ ಇದನ್ನೆಲ್ಲ ನೋಡುತ್ತಿದ್ದಳು. ತಲೆ ಬೋಳಿಸಿದ್ದಳು, ಬಿಳಿಯ ರವಿಕೆ ತೊಟ್ಟಿದ್ದಳು, ಬಾಯಿ ಕೆಂಪಗಿತ್ತು. ಸೊಂಟದ ಸಂಚಿಯಿಂದ ವೀಳ್ಯದೆಲೆ ತೆಗೆದು ಸಿದ್ದಕ್ಕನ ಮುಂದೆ ಹಿಡಿದಳು. ಸಿದ್ದಕ್ಕನಿಗೆ ಆ ಭಯದಲ್ಲೂ ಆಶ್ಚರ್ಯ. "ಇವರೂ ಎಲೆ ಹಾಕ್ತಾರೇನೇ!" ಎನ್ನುತ್ತ ತನ್ನ ಅಡಿಕೆ ಕೊಟ್ಟಳು. ಇಬ್ಬರೂ ಕೂತು ಜಗಿದರು.

ಅಜ್ಜಿ ಲತಾಳ ಕಡೆ ತಿರುಗಿ ಏನೋ ಕೇಳಿದಳು. ಗುಂಪಿನ ಗೈಡು ಇಂಗ್ಲಿಷಿನಲ್ಲಿ ಹೇಳಿದ, ಹಾಲಸ್ವಾಮಿ ಕನ್ನಡಕ್ಕೆ ತಂದ: "ಮದುವೆ ಆಗಿದೆಯೇನಮ್ಮ ಅಂತಾರೆ."

ಎಂದಿನಂತೆ ಸಿದ್ದಕ್ಕ ಮಧ್ಯೆ ಬಾಯಿ ಹಾಕಿದಳು. "ಆಗಿತ್ತು, ಏನೋ ನಮ್ ಗ್ರಾಚಾರ..."

ಅಜ್ಜಿ ಅವಳ ಮೊಣಕಾಲ ಮೇಲೆ ಕೈಯಿಟ್ಟು ಸುಮ್ಮನಾಗಿಸಿದಳು. ಎರಡು ಮಾತು ಆಡಿದಳು. ಗೈಡು ನಕ್ಕ. ಹಾಲಸ್ವಾಮಿ ತಡವರಿಸಿದ. "ಅದೂ... ನಿನ್ನ ಕೇಳಲಿಲ್ಲವಂತೆ ಅಕ್ಕಯ್ಯ. ಮಗಳನ್ನ ಕೇಳಿದ್ದಂತೆ."

ಸಿದ್ದಕ್ಕ ಬಾಯಲ್ಲಿದ್ದ ಎಲೆಯನ್ನು ಜಗಿಯುವುದು ಮರೆತಳು. ಬರಗೇರಮ್ಮ ಬಂದ ದಿನದಿಂದ ಅವಳು ಯಾರನ್ನು ಕೇಳಿಲ್ಲ? ಪೂಜಾರಿಯನ್ನು ಕೇಳಿದಳು, ಓರಗಿತ್ತಿಯನ್ನು ಕೇಳಿದಳು, ಕೊಳವನ್ನು ಕೇಳಿದಳು, ಈಗ ಯಾವುದೋ ದೇಶದ ಬುಗ್ಗೆಯನ್ನೂ ಕೇಳಿದಳು. ಹಿಂದೆ ಚಪ್ಪಲಿ ಹಿಡಿದುಕೊಂಡು ಬರುತ್ತಿದ್ದ ಈ ಹುಡುಗಿಯನ್ನು? ಮೊದಲನೇ ಮದುವೆಗೂ ಕೇಳಿರಲಿಲ್ಲ. ಹೂವು ಬಂತು, ಕೊಟ್ಟಳು.

"ಲತಾ, ಬಾರೆ ಇಲ್ಲಿ. ಕುಂತ್ಕ," ಎಂದಳು. "ಮಾರುತೇಶ ನಿಂಗೆ ಬೇಕೇನೇ?"

ಲತಾ ಬಂದು ಪಕ್ಕದಲ್ಲಿ ಕೂತಳು. ಅವ್ವನ ಕಣ್ಣು ನೋಡಿ ಹೇಳಿದಳು. "ಬೇಕು ಕಣವ್ವ."

"ನಾಳೆ ಹೆಚ್ಚು ಕಡಿಮೆ ಆದ್ರೆ?"

"ಆಗಬಹುದು. ಆದ್ರೂ ಬೇಕು."

ಸಿದ್ದಕ್ಕ ಮಗಳ ತಲೆಯನ್ನು ಎದೆಗೆ ಒತ್ತಿಕೊಂಡು ಬಿಕ್ಕಿ ಬಿಕ್ಕಿ ಅತ್ತಳು. ಅಜ್ಜಿ ಬೊಗಸೆಯಲ್ಲಿ ನೀರು ಮೊಗೆದು ಇಬ್ಬರ ನೆತ್ತಿಯ ಮೇಲೂ ಸುರಿದಳು. ನೀರು ತಣ್ಣಗೆ ಕೊರೆಯುತ್ತಿತ್ತು. ಅಳುತ್ತಿದ್ದವರು ಬೆಚ್ಚಿಬಿದ್ದು ನಕ್ಕರು.

ಬಸ್ಸಿನವನು ಹಾರನ್ ಮಾಡುತ್ತಿದ್ದ. ಸಿದ್ದಕ್ಕ ಕುಬಸದ ಕಣವನ್ನು ಅಜ್ಜಿಯ ಮಡಿಲಿಗಿಟ್ಟು, ಕಾಲು ಮುಟ್ಟಿ ನಮಸ್ಕರಿಸಿ ಎದ್ದಳು. ಅಜ್ಜಿಯ ಮಾತು ಕನ್ನಡಕ್ಕೆ ತಂದ ತಪ್ಪಿಗೆ ಪೆಚ್ಚಾಗಿ ಗೈಡಿನ ಜೊತೆ ಆಚೆ ಸರಿದು, ತಾಯಿ ಮಗಳ ಮಾತು ಕೇಳಿಸಿಕೊಳ್ಳದೆ ನಿಂತಿದ್ದ ಹಾಲಸ್ವಾಮಿ ಅಕ್ಕನ ಹಿಂದೆಯೇ ಓಡಿಬಂದ.

"ಏನಂದ್ಲು ಅಕ್ಕಯ್ಯ ಗಂಗಮ್ಮ? ಏನಾದ್ರೂ ಕೊಟ್ಲಾ?"

"ಗಂಗಮ್ಮನ ಮಾತು ಹಂಗಿರಲಿ," ಎಂದಳು ಸಿದ್ದಕ್ಕ, ಒದ್ದೆ ಕೂದಲು ಕೊಡವುತ್ತ. "ನನ್ ಮಗಳು ಹೂಂ ಅಂದ್ಲು ಕಣೋ. ಬೇಗ ನಡಿ, ಬರಗೇರಮ್ಮಂಗೆ ಫೋನ್ ಹಚ್ಚಿಕೊಡು."