ಮಾತಿಲ್ಲದ ರಾಕ್ಷಸ

"ರಾಕ್ಷಸನ ಪಾತ್ರಕ್ಕೆ ನೀನೇ ಸರಿ ಕಣೋ, ನಿನ್ನ ಮೂತಿಗೆ ಮುಖವಾಡಾನೇ ಬೇಕಾಗಿಲ್ಲ," ಎಂದರು ನಮ್ಮ ನಾಟಕದ ನಿರ್ದೇಶಕರು. ಇಡೀ ತಂಡ ಹೊಟ್ಟೆ ಹಿಡಿದುಕೊಂಡು ನಕ್ಕಿತು. ವೇದಿಕೆಗೆ ಮೊಳೆ ಹೊಡೆಯುತ್ತಿದ್ದ ನನಗೆ ಮೈಯೆಲ್ಲ ಉರಿಯಿತು. ಆದರೂ ಅದೇ ವೇದಿಕೆಯ ಮೇಲೆ ನಿಂತು ಮಾತಾಡುವ ಆಸೆ ನನಗೆ ಬಹಳ ದಿನದ್ದು.

"ನನಗೆ ಮಾತು ಎಷ್ಟಿದೆ ಸಾರ್?"

"ರಾಕ್ಷಸನಿಗೆ ಎಂಥಾ ಮಾತೋ? ಗುರ್ ಅನ್ನು. ಊರವರು ಹೊಡೆಯೋಕೆ ಬರ್ತಾರೆ, ಓಡಿಹೋಗು."

"ಅವನೇನು ತಪ್ಪು ಮಾಡಿದ?"

"ನೋಡೋಕೆ ಚೆನ್ನಾಗಿಲ್ಲ, ಸಾಲದಾ? ಸ್ಕೂಲು ಬಿಟ್ಟೋನಿಗೆ ಪ್ರಶ್ನೆ ಬೇರೆ ಕೇಡು."

ಮುಖವಾಡ ಮಾಡುವ ಕೆಲಸವೂ ಕೊನೆಗೆ ನನ್ನ ತಲೆಗೇ ಬಂತು. ಎದುರಿಗೊಂದು ಮುಖ ಇಲ್ಲದಿದ್ದರೆ ನನ್ನ ಕೈ ಓಡುವುದಿಲ್ಲ. ಹಾಗಾಗಿ ತಾಲೀಮಿನ ಕೋಣೆಯ ಮೂಲೆಯಲ್ಲಿ ಕೂತು, ನಿರ್ದೇಶಕರು ಯಾರನ್ನಾದರೂ ಬೈದಾಗಲೆಲ್ಲ ಅವರನ್ನೇ ನೋಡುತ್ತ ಕಾಗದ, ಗೋಂದು ಮೆತ್ತಿದೆ. ಉಬ್ಬುವ ಹೊಳ್ಳೆ, ಗಂಟಿಕ್ಕಿದ ಹುಬ್ಬು, ಎಡಕ್ಕೆ ಸೊಟ್ಟಗಾಗುವ ತುಟಿ, ಒಂದನ್ನೂ ಬಿಡಲಿಲ್ಲ. ಕೋರೆಹಲ್ಲು ಮಾತ್ರ ನನ್ನ ಕಡೆಯಿಂದ.

ಕೊನೆಯ ತಾಲೀಮಿಗೆ ಅದನ್ನು ತೊಟ್ಟು ಬಂದೆ. ಊರವರ ಪಾತ್ರದವರು ಎತ್ತಿದ ದೊಣ್ಣೆಯನ್ನು ಹಾಗೇ ಹಿಡಿದು ನಿಂತರು. ತಂಡಕ್ಕೆ ಉಡುಪು ಹೊಲಿಯುವ ಹೆಂಗಸು ಸೂಜಿಯಿಂದ ತಲೆಯೆತ್ತಿ, "ಸಾರ್ ಯಾವಾಗ ವೇಷ ಹಾಕಿದ್ರು?" ಎಂದರು. ನಗು ಛಾವಣಿ ಮುಟ್ಟಿತು.

ನಿರ್ದೇಶಕರು ಎದ್ದು ಬಂದರು. ಹೊಳ್ಳೆ ಉಬ್ಬಿತು, ತುಟಿ ಎಡಕ್ಕೆ ಸೊಟ್ಟಗಾಯಿತು.

"ಯಾರನ್ನ ನೋಡಿ ಮಾಡಿದ್ಯೋ ಇದನ್ನ? ಬಾಯಿ ಬಿಡು, ಮಾತಾಡು."

ಅಂತೂ ರಾಕ್ಷಸನಿಗೆ ಮಾತಾಡಲು ಅಪ್ಪಣೆಯಾಗಿತ್ತು. ನಾನು ಮುಖವಾಡ ಬಿಚ್ಚಿ ಅವರ ಖಾಲಿ ಕುರ್ಚಿಯ ಮೇಲಿಟ್ಟೆ. ನನ್ನ ಸುತ್ತಿಗೆ ಎತ್ತಿಕೊಂಡು ಬಾಗಿಲ ಕಡೆ ನಡೆದೆ.