ಸೌಭದ್ರಮ್ಮ ಸತ್ತ ಸುದ್ದಿ

ಟಿವಿಯ ಬೆನ್ನಿನಿಂದ ಕೇಬಲ್ ವೈರನ್ನು ಎಳೆದು, ಅದರ ತುದಿಯ ತಾಮ್ರದ ಎಳೆಯನ್ನು ಹಲ್ಲಿನಿಂದ ಕಚ್ಚಿ ಮುರಿದು, ಜಯಣ್ಣ ಏನೂ ಅರಿಯದವನಂತೆ ಬಂದು ಕಂಬಕ್ಕೊರಗಿ ಕೂತ. ಏಳೂವರೆಗೆ ಇನ್ನೂ ಹತ್ತು ನಿಮಿಷವಿತ್ತು. ಎದುರಿಗೆ ಅವನ ತಾಯಿ ಪಾಪಕ್ಕ ಕದಿರು ತಿರುಗಿಸುತ್ತ ಕುರಿಯುಣ್ಣೆಯ ನೂಲು ತೆಗೆಯುತ್ತಿದ್ದಳು. ಎಪ್ಪತ್ತು ದಾಟಿದ ಮುದುಕಿ. ಕಣ್ಣು ಮಂಜಾಗಿತ್ತು, ಬೆರಳು ಮಂಜಾಗಿರಲಿಲ್ಲ.

“ಇವತ್ತು ಹಚ್ಚಲ್ವೇನಪ್ಪ?” ಅಂದಳು.

“ಕೇಬಲ್ ಹೋಗೈತವ್ವ. ಚಳ್ಳಕೆರೆಯಿಂದ್ಲೇ ಬಿಟ್ಟಿಲ್ವಂತೆ.”

“ಪಕ್ಕದ ಮನ್ಯಾಗೆ ಸದ್ದು ಬರ್ತೈತಲ್ಲ.”

ಕಂಬಳಿ ನೇಯುವ ಜಯಣ್ಣನಿಗೆ ಎಳೆ ಕೂಡಿಸುವುದು ಗೊತ್ತು. ಸುಳ್ಳು ಕೂಡಿಸುವುದು ಅವನಿಂದ ಯಾವತ್ತೂ ಆಗಿದ್ದಿಲ್ಲ.

ದೊಡ್ಡಉಳ್ಳಾರ್ತಿಯಲ್ಲಿ ಆಗ ಮೂವತ್ತೋ ನಲವತ್ತೋ ಟಿವಿಗಳಿದ್ದವು. ಸಂಜೆ ಏಳೂವರೆಗೆ ಅಷ್ಟರಲ್ಲೂ ಒಬ್ಬಳೇ ಹೆಂಗಸು, ‘ಏಳಂಕಣ’ ಧಾರಾವಾಹಿಯ ಸೌಭದ್ರಮ್ಮ. ಹಣೆಯಲ್ಲಿ ಕಾಸಿನಗಲ ಕುಂಕುಮ, ಸೊಂಟದಲ್ಲಿ ಬೀಗದಕೈ ಗೊಂಚಲು, ಮೂವರು ಗಂಡುಮಕ್ಕಳು, ಮೂವರು ಸೊಸೆಯರು, ಒಂದು ಅಕ್ಕಿ ಗಿರಣಿ. ಆ ಮನೆಯಲ್ಲಿ ಯಾರು ಉಣ್ಣಬೇಕು, ಯಾರು ಉಪವಾಸ ಬೀಳಬೇಕು ಎಂದು ಏಳು ವರ್ಷದಿಂದ ತೀರ್ಮಾನಿಸುತ್ತ ಬಂದವಳು. ಇಲ್ಲಿ ನಲ್ಲಿಯ ಹತ್ತಿರ ಯಾವ ಸೊಸೆ ಅತ್ತೆಯ ದೂರು ತೆಗೆದರೂ, “ಸೌಭದ್ರಮ್ಮನ ಕೈಗೆ ಸಿಕ್ಕಿದ್ರೆ ಗೊತ್ತಾಗ್ತಿತ್ತು ನಿಂಗೆ” ಎಂಬ ಮಾತು ಬಂದೇ ಬರುತ್ತಿತ್ತು. ಆ ಪಾತ್ರ ಮಾಡುವ ನಟಿಯ ಹೆಸರು ವನಜಾಕ್ಷಿ ಎಂದು ಟಿವಿಯಲ್ಲಿ ತೋರಿಸುತ್ತಿದ್ದರು. ಅವಳ ನಿಜವಾದ ಹೆಸರು ಮೂಗಮ್ಮ, ಪಾಪಕ್ಕನ ಹಿರೇ ಮಗಳು, ಜಯಣ್ಣನ ಅಕ್ಕ ಎಂಬುದು ಊರಿನ ಹಳಬರಿಗೆಲ್ಲ ಗೊತ್ತಿತ್ತು. ಗೊತ್ತಿದ್ದೂ ಯಾರೂ ಬಾಯಿ ಬಿಡುತ್ತಿರಲಿಲ್ಲ.

ಬಿಡದಿರಲು ಕಾರಣವಿತ್ತು. ಮೂವತ್ತೊಂದು ವರ್ಷದ ಹಿಂದೆ ಚಳ್ಳಕೆರೆಯ ಸಂತೆ ಮೈದಾನದಲ್ಲಿ ನಾಟಕದ ಕಂಪನಿಯೊಂದು ಮೂರು ತಿಂಗಳು ಟೆಂಟು ಹಾಕಿತ್ತು. ಅಪ್ಪನ ಜೊತೆ ಕಂಬಳಿ ಮಾರಲು ಹೋಗುತ್ತಿದ್ದ ಮೂಗಮ್ಮ, ಹತ್ತೊಂಬತ್ತರ ಹುಡುಗಿ, ಟೆಂಟು ಕಿತ್ತ ದಿನ ಲಾರಿ ಹತ್ತಿ ಹೋದಳು. ಮೂಗಮ್ಮ ಎಂದು ಹೆಸರಿಟ್ಟರೂ ಬಾಯಿ ಬೊಂಬಾಯಿ ಆಗಿದ್ದವಳು. ಆ ಬಾಯಿಯೇ ಅವಳಿಗೆ ಅನ್ನ ಕೊಟ್ಟಿತು. ಅಪ್ಪ ದೊಡ್ಡೀರಪ್ಪ ಮೂರು ದಿನ ಹುಡುಕಿ ಬಂದವನು ಅಂಗಳದಲ್ಲಿ ನಿಂತು ತಲೆ ಮೇಲೆ ಒಂದು ಕೊಡ ನೀರು ಸುರಿದುಕೊಂಡ. “ನನ್ನ ಮಗಳು ಸತ್ಲು. ಈ ಮನ್ಯಾಗೆ ಅವಳ ಹೆಸರು ಎತ್ತಂಗಿಲ್ಲ. ಯಾರೂ ಅಳಂಗೂ ಇಲ್ಲ” ಅಂದ. ಪಾಪಕ್ಕ ಸೆರಗನ್ನು ಬಾಯಿಗೆ ತುರುಕಿಕೊಂಡು ಅಡುಗೆ ಕೋಣೆಗೆ ಹೋಗಿ ಮುದ್ದೆ ತೊಳಸಿದಳು. ಆಗ ಹತ್ತು ವರ್ಷದವನಿದ್ದ ಜಯಣ್ಣ ಆ ಮುದ್ದೆ ಉಂಡ. ಆರು ವರ್ಷದ ಹಿಂದೆ ಸಾಯುವಾಗಲೂ ದೊಡ್ಡೀರಪ್ಪ ತನ್ನ ಕೈ ಮೇಲೆ ಮಗನ ಕೈ ಹಾಕಿಸಿಕೊಂಡು ಅದೇ ಮಾತಿಗೆ ಆಣೆ ಇಡಿಸಿಕೊಂಡಿದ್ದ.

ಆಣೆಯಲ್ಲಿ ಟಿವಿಯ ಮಾತು ಇರಲಿಲ್ಲ. ಜಯಣ್ಣ ಟಿವಿ ತಂದ ಮೇಲೆ ಪಾಪಕ್ಕ ದಿನಾ ಸಂಜೆ ಅದರ ಎದುರು ಕದಿರು ಹಿಡಿದು ಕೂರುತ್ತಿದ್ದಳು. ಒಂದು ಮಾತಿಲ್ಲ, ಒಂದು ನಿಟ್ಟುಸಿರಿಲ್ಲ. ಮಗಳು ಗದರಿಸಿದರೆ ನೂಲು ಸಣ್ಣಗಾಗುತ್ತಿತ್ತು, ಅತ್ತರೆ ಕಡಿಯುತ್ತಿತ್ತು. ಇದನ್ನು ಕಂಡವಳು ಸೊಸೆ ಶಿಲ್ಪ ಒಬ್ಬಳೇ.

ಆ ದಿನ ಬೆಳಿಗ್ಗೆ ಕಾಟಪ್ಪನ ಅಂಗಡಿಯಲ್ಲಿ ಜಯಣ್ಣ ಪೇಪರು ಓದಿದ್ದ. ‘ಸೌಭದ್ರಮ್ಮನ ಪಾತ್ರಕ್ಕೆ ಇಂದು ತೆರೆ’ ಎಂದು ಮೇಲೆ, ನಟಿ ವನಜಾಕ್ಷಿ ಆಸ್ಪತ್ರೆ ಸೇರಿದ್ದಾರೆ, ಶಸ್ತ್ರಚಿಕಿತ್ಸೆ ಆಗಬೇಕಿದೆ ಎಂದು ಕೆಳಗೆ. ಹೆಂಡತಿಗೆ ಮಾತ್ರ ಹೇಳಿ, ಅವ್ವಗೆ ತಿಳಿಯಬಾರದು ಎಂದು ಎರಡೆರಡು ಸಲ ಹೇಳಿದ್ದ. ಶಿಲ್ಪಳ ಬಾಯಲ್ಲಿ ಎಳ್ಳುಕಾಳು ನೆನೆಯುವುದಿಲ್ಲ ಎಂಬುದು ಅವನಿಗೆ ಹದಿನೈದು ವರ್ಷದಿಂದ ಗೊತ್ತಿತ್ತು. ಆದರೂ ಹೇಳಿದ್ದ.

“ವೈರು ಹಚ್ಚು ಜಯಣ್ಣ. ನಂಗೆ ಎಲ್ಲಾ ಗೊತ್ತು” ಅಂದಳು ಪಾಪಕ್ಕ.

ಜಯಣ್ಣ ಹೆಂಡತಿಯ ಕಡೆ ನೋಡಿದ. ಶಿಲ್ಪ ಒಲೆಯ ಕಡೆ ನೋಡಿದಳು.

“ಹೆತ್ತೋಳು ನೋಡೋ ಅಂಥದ್ದಲ್ಲವ್ವ ಅದು. ಪಟಕ್ಕೆ ಹಾರ ಹಾಕಿ ತೋರಿಸ್ತಾರೆ. ಅತ್ತ ಅವಳು ಆಸ್ಪತ್ರ್ಯಾಗೆ ಮಲಗವಳೆ. ಇತ್ತ ನೀನು ಅದನ್ನ ಕಣ್ಣಾರೆ ನೋಡ್ತೀಯಾ?”

“ಹೋದ ವರ್ಷ ಶಿಲ್ಪನ ತಲೆಗೆ ಕಾಗೆ ಮುಟ್ಟಿದಾಗ ನೀನೇನು ಮಾಡ್ದೆ?”

ಏನು ಮಾಡಿದ್ದ ಎಂಬುದು ಊರಿಗೇ ಗೊತ್ತಿತ್ತು. ಬಟ್ಟೆ ಒಗೆಯುತ್ತಿದ್ದ ಶಿಲ್ಪಳ ತಲೆಯ ಮೇಲೆ ಕಾಗೆ ಕೂತು ಎದ್ದು ಹೋಗಿತ್ತು. ಕಾಗೆ ಮುಟ್ಟಿದವರಿಗೆ ಕೇಡು ತಪ್ಪದು, ತಪ್ಪಬೇಕಾದರೆ ಅವರು ಸತ್ತರೆಂದು ತವರಿಗೆ ಸುಳ್ಳು ಸುದ್ದಿ ಕಳಿಸಬೇಕು, ತವರಿನವರು ನಿಜವೆಂದು ನಂಬಿ ಅಳಬೇಕು. ಆ ಅಳುವಿನಲ್ಲಿ ಕೇಡು ಕಳೆಯುತ್ತದೆ. ಜಯಣ್ಣನೇ ಅವಳ ತವರು ಮೊಳಕಾಲ್ಮೂರಿಗೆ ಫೋನು ಮಾಡಿ ನಡುಗುವ ದನಿಯಲ್ಲಿ ಹೇಳಿದ್ದ. ಅತ್ತೆ “ನಾ ತಲ್ಲೀ, ನಾ ತಲ್ಲೀ” ಎಂದು, ನನ್ನ ತಾಯೀ ಎಂದು, ತೆಲುಗಿನಲ್ಲಿ ಅತ್ತು ಉರುಳಾಡಿದ್ದಳಂತೆ. ಗಂಟೆ ಬಿಟ್ಟು ಸುಳ್ಳು ಎಂದು ಹೇಳಿದಾಗ ಮುಂದಿನ ಬಸ್ಸಿಗೇ ಬಂದು, ಮಗಳನ್ನು ತಬ್ಬಿಕೊಂಡು, ಅಳಿಯನಿಗೆ ಎರಡು ದಿನವಾದರೂ ಮುಗಿಯದಷ್ಟು ಬೈದು ಹೋಗಿದ್ದಳು.

“ಅದಕ್ಕೂ ಇದಕ್ಕೂ ಏನವ್ವ?”

“ನಿಮ್ಮಪ್ಪ ಅವತ್ತು ಸತ್ಲು ಅಂತ ಸುದ್ದಿ ಕೊಟ್ಟ. ಬದುಕಿರೋಳನ್ನ ಸತ್ಲು ಅಂದ. ಅಳಾಕೆ ಬಿಡ್ಲಿಲ್ಲ. ಅಳದಿದ್ರೆ ಆ ಮಾತು ಎಲ್ಲಿಗೆ ಹೋಗ್ತೈತೆ? ಅವಳ ತಲೆ ಮೇಲೇ ಕುಂತೈತೆ, ಮೂವತ್ತು ವರ್ಷದಿಂದ. ಅರ್ಧಕ್ಕೆ ನಿಂತ ಶಾಸ್ತ್ರ ಅದು. ಮಗು ನಿಲ್ಲಲಿಲ್ಲ ಅವಳಿಗೆ, ಗಂಡ ನಿಲ್ಲಲಿಲ್ಲ, ಪೇಪರ್ನಾಗೆ ಬಂದಿದ್ದನ್ನ ಶಿಲ್ಪ ಓದಿ ಹೇಳವಳೆ. ಈಗ ಮೈಗೂ ಬಂತು. ಇವತ್ತು ಸುದ್ದಿ ತಿರುಗಿ ಬರ್ತೈತೆ. ನಾನು ಅಳ್ಬೇಕು. ಹಚ್ಚು.”

ಅಷ್ಟು ಮಾತನ್ನು ಅವ್ವ ಒಟ್ಟಿಗೆ ಆಡಿದ್ದನ್ನು ಜಯಣ್ಣ ಕೇಳಿದ್ದೇ ಇಲ್ಲ. ಎದ್ದು ಹೋಗಿ, ಎಳೆ ಕಚ್ಚಿ ಮುರಿದಿದ್ದ ಹಲ್ಲಿನಿಂದಲೇ ವೈರಿನ ಸಿಪ್ಪೆ ಸುಲಿದು, ಹೊಸ ಎಳೆ ಹೊರತೆಗೆದು ಸಿಕ್ಕಿಸಿದ.

ಸೌಭದ್ರಮ್ಮ ದೊಡ್ಡ ಮಂಚದ ಮೇಲೆ ಮಲಗಿದ್ದಳು. ಮುಖ ಕಾಣದ ಹಾಗೆ ಯಾರನ್ನೋ ಮಲಗಿಸಿದ್ದರು, ಅಕ್ಕ ಇರಲಿಲ್ಲ. ಸೊಸೆಯರು ಕಾಲು ಹಿಡಿದಿದ್ದರು. ಕಿರಿಯ ಸೊಸೆ ಬೀಗದಕೈ ತೆಗೆದುಕೊಂಡಳು. ನಡುವೆ ಸೋಪಿನಪುಡಿಯ ಜಾಹೀರಾತು ಬಂದು ಹೋಯಿತು. ಆಮೇಲೆ ಗೋಡೆಯ ಮೇಲಿನ ಪಟ, ಅದಕ್ಕೊಂದು ಮಲ್ಲಿಗೆ ಹಾರ, ಮುಂದೆ ಒಂದು ದೀಪ. ಪಟದಲ್ಲಿ ಮೂಗಮ್ಮ ನಗುತ್ತಿದ್ದಳು, ಅವ್ವನ ಹಾಗೇ ಒಂದು ಕಡೆಯ ತುಟಿ ಮೇಲೆತ್ತಿ.

ಪಾಪಕ್ಕ ಕದಿರನ್ನು ಕೆಳಗಿಟ್ಟಳು. ತುರುಬು ಬಿಚ್ಚಿ ಕೂದಲನ್ನು ಬೆನ್ನಿಗೆ ಚೆಲ್ಲಿಕೊಂಡಳು. ಎದೆಯ ಮೇಲೆ ಕೈ ಬಡಿದು, ಸಾವಿನ ಮನೆಯಲ್ಲಿ ಹೆಂಗಸರು ಅಳುವ ಹಾಗೆ ಹಾಡಿ ಅಳತೊಡಗಿದಳು.

“ಮೊದಲ ಹೊಟ್ಟೆಯ ಮಗಳೇ ನನ್ನವ್ವಾ, ಉಣ್ಣದೆ ಹೋದ್ಯಲ್ಲೇ ನನ್ನವ್ವಾ... ನೀ ಹೋದ ದಾರೀಗೆ ನೀರು ಹಾಕಲಿಲ್ಲ, ನಿನ ಹೆಸರ್ಹಿಡಿದು ಅಳಲಿಲ್ಲ ನನ್ನವ್ವಾ...”

ಬೀದಿಯವರು ಓಡಿ ಬಂದರು. ಬಾಗಿಲ ತುಂಬ ಹೆಂಗಸರು. ಮೊದಲು ಹೆದರಿದರು, ಆಮೇಲೆ ಟಿವಿ ನೋಡಿದರು. “ಅಜ್ಜಿಗೆ ಧಾರಾವಾಹಿ ಹುಚ್ಚು ಹಿಡಿದೈತೆ” ಎಂದು ಹೊಸ ಸೊಸೆಯೊಬ್ಬಳು ಸೆರಗಿನಲ್ಲಿ ನಕ್ಕಳು. ಪಕ್ಕದ ಮನೆಯ ಚಿಕ್ಕಕ್ಕ, ಪಾಪಕ್ಕನ ವಾರಗೆಯವಳು, ಅವಳನ್ನು ದೂಡಿಕೊಂಡು ಒಳಗೆ ಬಂದಳು. ಏನೂ ಕೇಳಲಿಲ್ಲ. ಪಾಪಕ್ಕನ ಕೊರಳಿಗೆ ಕೈ ಹಾಕಿ, ತಾನೂ ತುರುಬು ಬಿಚ್ಚಿ, “ಮೂಗೀ, ನನ್ನ ಮೂಗೀ” ಎಂದು ಅತ್ತಳು. ಆ ಹೆಸರು ಆ ಮನೆಯಲ್ಲಿ ಕೇಳಿ ಮೂವತ್ತೊಂದು ವರ್ಷವಾಗಿತ್ತು. ನಗುತ್ತಿದ್ದವಳು ಸುಮ್ಮನಾದಳು. ಜಯಣ್ಣನಿಗೆ ನಾಚಿಕೆಯಾಯಿತು, ಅಪ್ಪನ ಆಣೆಯ ಭಯವೂ ಆಯಿತು. ಅವೆರಡೂ ಇರುವಾಗಲೇ ಕಣ್ಣಲ್ಲಿ ನೀರು ಬಂತು. ಅವತ್ತು ಉಂಡ ಮುದ್ದೆ ಈಗ ಗಂಟಲಿಗೆ ಬಂದಂತಾಯಿತು.

ಪಾಪಕ್ಕ ಸಾಕಾಗುವಷ್ಟು ಅತ್ತು, ಸೆರಗಿನಿಂದ ಮುಖ ಒರೆಸಿಕೊಂಡಳು.

“ಈಗ ಸುಳ್ಳು ಅಂತ ಹೇಳ್ಬೇಕು” ಅಂದಳು.

“ಏನವ್ವ?”

“ಅತ್ತ ಮೇಲೆ ಸುಳ್ಳು ಸುದ್ದಿ ಅಂತ ಬಂದು ಹೇಳ್ಬೇಕಲ್ಲ. ಹೇಳ್ದಿದ್ರೆ ನಾನು ಅತ್ತಿದ್ದು ನಿಜ ಆಗ್ಬಿಡ್ತೈತೆ. ಸುದ್ದಿ ಕೊಟ್ಟೋರೇ ಹೇಳ್ಬೇಕು.”

“ಸುದ್ದಿ ಕೊಟ್ಟೋನು ಅಪ್ಪ.”

“ಹೂಂ. ಅವನ ಕೈ ಮೇಲೆ ಕೈ ಇಟ್ಟೋನು ನೀನು. ಅವನ ಬಾಯಿ ಈಗ ನಿಂದೇ. ಆದ್ರೆ ಸುಮ್ನೆ ಹೇಳಂಗಿಲ್ಲ. ಜೀವ ಐತಾ ಅಂತ ಕೇಳಿ ಹೇಳ್ಬೇಕು.”

ಜಯಣ್ಣ ಗೋಡೆ ನೋಡುತ್ತ ನಿಂತ. ಅಪ್ಪನ ಮಾತು ಸುಳ್ಳು ಎಂದು ಬೀದಿಯ ಎದುರು ಹೇಳುವುದು. ಅದರ ಬದಲು ಮಗ್ಗದ ಗುಂಡಿಗೆ ಬಿದ್ದರೂ ವಾಸಿ ಅನ್ನಿಸಿತು.

“ಕೇಳೋಕೆ ಅವಳು ಎಲ್ಲಿದಾಳೋ” ಅಂದ.

ಆಗ ಶಿಲ್ಪ ಒಳಗೆ ಹೋಗಿ ರಾಗಿ ಡಬ್ಬಿಯ ತಳದಿಂದ ಒಂದು ಲಕೋಟೆ ತಂದಳು. ಎರಡು ವರ್ಷದ ಹಿಂದೆ ಎಲ್ಲರೂ ಬರೆಯುವ ಹಾಗೆ ಚಾನೆಲ್ಲಿಗೆ ಅವಳೂ ಒಂದು ಕಾಗದ ಬರೆದಿದ್ದಳು. ಊರಿನ ಹೆಸರನ್ನು ಮಾತ್ರ ದಪ್ಪಗೆ ಬರೆದಿದ್ದಳು. ಉತ್ತರವಾಗಿ ಸೌಭದ್ರಮ್ಮನ ಫೋಟೋ ಬಂದಿತ್ತು. ಹಿಂದೆ ಪೆನ್ನಿನಲ್ಲಿ ಒಂದು ಮೊಬೈಲ್ ನಂಬರು, ಕೆಳಗೆ ‘ಅವ್ವ ಹೆಂಗವಳೆ’ ಎಂದಷ್ಟೇ.

“ಎರಡು ವರ್ಷದಿಂದ ಇಟ್ಕೊಂಡಿದ್ಯಾ?” ಅಂದ ಜಯಣ್ಣ.

“ತೋರಿಸಿದ್ರೆ ನೀವು ಒಲೆಗೆ ಹಾಕ್ತಿದ್ರಿ” ಅಂದಳು ಶಿಲ್ಪ.

ಎಳ್ಳುಕಾಳು ನೆನೆಯದ ಬಾಯಿ ಇದೊಂದನ್ನು ಎರಡು ವರ್ಷ ಹಿಡಿದಿಟ್ಟುಕೊಂಡಿತ್ತು. ಒಲೆಗೆ ಹಾಕುತ್ತಿದ್ದೆನೇನೋ ಎಂದು ಜಯಣ್ಣನಿಗೂ ಅನ್ನಿಸಿತು.

ಕಾಟಪ್ಪನ ಅಂಗಡಿಯ ಮುಂದೆ ಕಾಯಿನ್ ಫೋನಿತ್ತು. ಪಾಪಕ್ಕ ಬಿಚ್ಚಿದ ಕೂದಲಲ್ಲೇ ನಡೆದು ಬಂದಳು. ತುರುಬು ಕಟ್ಟಿಕೋ ಎಂದರೆ, ಸುಳ್ಳು ಅಂತ ಹೇಳುವವರೆಗೆ ಕಟ್ಟುವಂತಿಲ್ಲ ಅಂದಳು. ಹಿಂದೆ ಅರ್ಧ ಬೀದಿ ಬಂತು. ಕಾಟಪ್ಪ ರೇಡಿಯೋ ಆರಿಸಿದ.

ಮೊದಲ ಸಲ ಯಾರೂ ಎತ್ತಲಿಲ್ಲ. ಪಾಪಕ್ಕ ಅಂಗಡಿಯ ಕಟ್ಟೆ ಹಿಡಿದುಕೊಂಡಳು. “ಇನ್ನೊಂದು ಸಲ ಮಾಡು” ಅಂದಳು ಚಿಕ್ಕಕ್ಕ. ಜಯಣ್ಣ ಮಾಡಿದ. ಬಹಳ ಹೊತ್ತು ರಿಂಗಾಯಿತು.

“ಹಲೋ, ಯಾರು ಮಾತಾಡ್ತಾ ಇರೋದು?”

ಸಂಜೆ ಏಳೂವರೆಯ ಅದೇ ದನಿ, ಸೊಸೆಯರು ನಡುಗುತ್ತಿದ್ದ ದನಿ; ಸ್ವಲ್ಪ ಸೋತಿತ್ತು.

“ನಾನು... ಉಳ್ಳಾರ್ತಿ ಜಯಣ್ಣ.”

ಆ ಕಡೆ ಯಾರೋ ಬಾಗಿಲು ಹಾಕಿದ ಸದ್ದಾಯಿತು.

“ಅಕ್ಕ,” ಅಂದ ಜಯಣ್ಣ, “ಜೀವ ಐತಾ?”

ಏಳು ವರ್ಷ ಸೌಭದ್ರಮ್ಮ ‘ಇದೆ’ ಅನ್ನುತ್ತಿದ್ದಳು. ನಮ್ಮ ಮನೆತನಕ್ಕೆ ಮರ್ಯಾದೆ ಇದೆ, ಈ ಮನೆಗೆ ಒಂದು ಪದ್ಧತಿ ಇದೆ. ತಪ್ಪಿಯೂ ಒಂದು ಊರಿನ ಮಾತು ಆ ಬಾಯಿಂದ ಬಂದಿದ್ದಿಲ್ಲ.

“ಐತೆ ಕಣೋ,” ಅಂದಳು ಆ ಕಡೆಯಿಂದ. “ಸೋಮವಾರ ಆಪರೇಷನ್. ಅವ್ವ... ಅವ್ವ ಐತೇನೋ?”

ಜಯಣ್ಣ ರಿಸೀವರನ್ನು ಎದೆಗೊತ್ತಿಕೊಂಡು ತಿರುಗಿದ. ಬೀದಿಯವರೆಲ್ಲ ಅವನ ಬಾಯಿ ನೋಡುತ್ತಿದ್ದರು.

“ಸುಳ್ಳು ಸುದ್ದಿ ಕಣವ್ವ” ಅಂದ. ದನಿ ಸಾಲದೆಂದು ಇನ್ನೊಮ್ಮೆ, ಎಲ್ಲರಿಗೂ ಕೇಳುವಂತೆ ಅಂದ, “ಅಪ್ಪ ಹೇಳಿದ್ದು ಸುಳ್ಳು. ಅಕ್ಕ ಬದುಕವಳೆ.”

ರಿಸೀವರನ್ನು ಅವ್ವನ ಕಡೆ ಚಾಚಿದ. ಪಾಪಕ್ಕ ತಕ್ಷಣ ಹಿಡಿಯಲಿಲ್ಲ. ಫೋನು ಇನ್ನೊಂದು ಕಾಯಿನ್ನಿಗೆ ಕೀ ಕೀ ಅನ್ನತೊಡಗಿತು, ಕಾಟಪ್ಪ ಗಲ್ಲಾದಿಂದ ತಾನೇ ಒಂದು ತೆಗೆದು ಹಾಕಿದ. ಪಾಪಕ್ಕ ಬೆನ್ನ ಮೇಲಿನ ಬಿಳಿ ಕೂದಲನ್ನು ಎರಡೂ ಕೈಯಲ್ಲಿ ಒಟ್ಟುಗೂಡಿಸಿ, ನೂಲು ಹೊಸೆಯುವಂತೆ ಹೊಸೆದು, ಸುತ್ತಿ, ಬಿಗಿಯಾಗಿ ತುರುಬು ಕಟ್ಟಿದಳು. ಆಮೇಲೆ ಕೈ ಚಾಚಿದಳು.