ಬಾಯಲ್ಲಿಟ್ಟುಕೊಂಡ ಹೆಸರು

ಮಂಜಮ್ಮನಿಗೆ ಆ ಕನಸು ಬೀಳುತ್ತಿದ್ದುದು ಮಧ್ಯಾಹ್ನ, ಉಂಡು ಗೋಡೆಗೆ ಒರಗಿ ಮಂಪರು ಹತ್ತಿದಾಗ. ಹಗರಿಬೊಮ್ಮನಹಳ್ಳಿಯ ಬಸ್ ನಿಲ್ದಾಣ. ಬಿಸಿಲು ಹಾಲು ಚೆಲ್ಲಿದಂತೆ ಬೆಳ್ಳಗೆ ಬಿದ್ದಿದೆ, ಯಾರಿಗೂ ನೆರಳಿಲ್ಲ. ಜನ ತುಂಬಿದ ಬಸ್ಸೊಂದು ಗುರುಗುಡುತ್ತ ನಿಂತಿದೆ, ಹೊರಡುವುದಿಲ್ಲ. ಬಾಗಿಲ ಹತ್ತಿರ ಖಾಕಿ ಅಂಗಿಯ ಕಂಡಕ್ಟರು ಬೆನ್ನು ಮಾಡಿ ನಿಂತಿದ್ದಾನೆ. ಆ ಬೆನ್ನು ನೋಡಿದರೆ ಸಾಕು, ತನ್ನ ಗಂಡನೆಂದು ಗೊತ್ತಾಗುತ್ತದೆ. "ಏನ್ರಿ" ಎಂದು ಕೂಗುತ್ತಾಳೆ. ಕೂಗಿದ್ದೇ ತಡ, ನಿಲ್ದಾಣದ ಗಂಡಸರೆಲ್ಲ ತಿರುಗಿ ನೋಡುತ್ತಾರೆ, ಅವನೊಬ್ಬನನ್ನು ಬಿಟ್ಟು. ಅವನದೇನು ತಪ್ಪು? ಲೋಕದ ಹೆಂಡಿರೆಲ್ಲ ತಂತಮ್ಮ ಗಂಡಂದಿರನ್ನು ಕರೆಯುವುದು ಅದೇ ಒಂದು 'ಏನ್ರಿ'ಯಿಂದ.

ಅವನ ಹೆಸರು ಹುಲುಗಣ್ಣ. ನಾನು ಹೇಳಬಹುದು, ಮಂಜಮ್ಮ ಹೇಳುವ ಹಾಗಿರಲಿಲ್ಲ. ಕೂಡ್ಲಿಗಿಯಲ್ಲಿ ಮನೆ ಮಾಡಿಕೊಂಡು, ಕೊಟ್ಟೂರು, ಹಡಗಲಿ, ಹರಪನಹಳ್ಳಿ ಎಂದು ಜೀವಮಾನವೆಲ್ಲ ಊರುಗಳ ಹೆಸರು ಕೂಗಿದ ಮನುಷ್ಯ ತನ್ನ ಹೆಸರನ್ನು ಹೆಂಡತಿಯ ಬಾಯಿಂದ ಕೇಳುವ ಭಾಗ್ಯ ಪಡೆದಿರಲಿಲ್ಲ. ಹೆಸರು ಹಿಡಿದು ಕರೆದರೆ ಗಂಡನ ಆಯುಷ್ಯ ಸವೆಯುತ್ತದೆ ಎಂದು ಅವಳ ತಾಯಿ ಹೇಳಿ ಕಳಿಸಿದ್ದಳು. ಅಜ್ಜಂದಿರ ಕಾಲಕ್ಕೇ ಜ್ಞಾನಸ್ನಾನ ಪಡೆದು ಕ್ರೈಸ್ತರಾದ ಮನೆತನ ಅದು. ಪೂಜೆ ಹೋಗಿ ಪ್ರಾರ್ಥನೆ ಬಂತು. ಮಕ್ಕಳಿಗೆ ಇಡುವ ಹೆಸರುಗಳು ಮಾತ್ರ ಊರಿನವೇ ಉಳಿದವು, ಹೆಂಗಸರ ಬಾಯಿಯ ಬೀಗವೂ ಉಳಿಯಿತು. ಮಂಜಮ್ಮನಂತೂ ಹುಲ್ಲು ಎನ್ನುವುದಕ್ಕೂ ಅಂಜಿ 'ದನ ತಿನ್ನೂದು' ಎನ್ನುತ್ತಿದ್ದಳು. ರೇಷನ್ ಅಂಗಡಿಯಲ್ಲಿ ಗಂಡನ ಹೆಸರು ಕೇಳಿದರೆ ಮಗಳ ಪಕ್ಕೆ ತಿವಿಯುವುದು, ಮಗಳು ಪುಷ್ಪಲತಾ ಹೇಳುವುದು, ಇದೇ ರೂಢಿ.

ಹುಲುಗಣ್ಣ ತೀರಿಕೊಂಡು ಎರಡು ವರ್ಷವಾಗಿತ್ತು. ಇನ್ನು ಸವೆಯಲಿಕ್ಕೆ ಯಾವ ಆಯುಷ್ಯ ಉಳಿದಿದೆ ಎಂದು ಮಗಳು ಒಮ್ಮೆ ಕೇಳಿಬಿಟ್ಟಳು. ಕೇಳಬಾರದಿತ್ತು. ತಾನು ಹೇಳದೆ ಇಟ್ಟುಕೊಂಡ ಹೆಸರಿನಲ್ಲಿ ಅವನು ಇನ್ನೂ ತುಸು ಇದ್ದಾನೆ ಎಂಬುದು ಮಂಜಮ್ಮನ ಒಳಗಿನ ನಂಬಿಕೆ. ಅವನ ಮುಖ ಈಗೀಗ ಸರಿಯಾಗಿ ನೆನಪಾಗುತ್ತಿರಲಿಲ್ಲ, ಧ್ವನಿಯೂ ದೂರವಾಗುತ್ತಿತ್ತು. ಹೆಸರನ್ನೂ ಹೊರಗೆ ಹಾಕಿದರೆ ಕೈಯಲ್ಲಿ ಏನೂ ಉಳಿಯುವುದಿಲ್ಲ. ಆದರೆ ಕನಸಿನಿಂದ ಎದ್ದಾಗಲೆಲ್ಲ ಅವಳಿಗೆ ಅನಿಸುತ್ತಿತ್ತು: ಆ ಬಸ್ಸು ನಿಂತಿರುವುದು ತನ್ನಿಂದಲೇ. ದಣಿದ ಜೀವವನ್ನು ತಾನೇ ಬಿಸಿಲಲ್ಲಿ ನಿಲ್ಲಿಸಿಕೊಂಡಿದ್ದೇನೆ. ಬಿಡಲು ಮನಸ್ಸಿಲ್ಲ, ಹಿಡಿದಿಟ್ಟುಕೊಳ್ಳುವುದು ನ್ಯಾಯವಲ್ಲ.

ನವೆಂಬರ್ ಬಂತು, ಸತ್ತವರನ್ನು ನೆನೆದು ಸಮಾಧಿಗಳಿಗೆ ಮೇಣದಬತ್ತಿ ಹಚ್ಚುವ ದಿನ ಬಂತು. ಹಿಂದಿನ ಫಾದರ್ ಎಲ್ಲರ ಹೆಸರನ್ನೂ ತಾವೇ ಓದಿ ಮುಗಿಸುತ್ತಿದ್ದರು. ಈ ವರ್ಷ ಬಂದ ಹೊಸ ಫಾದರ್, ಆಯಾ ಮನೆಯವರಲ್ಲಿ ಅತಿ ಹತ್ತಿರದವರೇ ಹೆಸರು ಹೇಳಿ ಪ್ರಾರ್ಥನೆಗೆ ಒಪ್ಪಿಸಲಿ ಎಂದರು. ಪ್ರಸಂಗದಲ್ಲಿ ಯೇಸುವಿನ ಶಿಷ್ಯೆ ಮರಿಯಳ ಕಥೆ ಹೇಳಿದರು. ಬರಿದಾದ ಸಮಾಧಿಯ ಮುಂದೆ ಅಳುತ್ತ ನಿಂತವಳಿಗೆ ಸಾವಿನಿಂದ ಎದ್ದುಬಂದು ಎದುರಿಗಿದ್ದ ಯೇಸುವಿನ ಗುರುತು ಹತ್ತಲಿಲ್ಲ, ತೋಟದವನೆಂದುಕೊಂಡಳು. ಆತ ಅವಳ ಹೆಸರು ಹಿಡಿದು ಕರೆದಾಗ ಗುರುತಾಯಿತು. ಗುರುತಾದ ಮೇಲೆ ಆತ ಹೇಳಿದ್ದು, ನನ್ನನ್ನು ಹಿಡಿದು ನಿಲ್ಲಿಸಬೇಡ ಎಂದು. ಹೇಳುವುದು ಸುಲಭ, ಈ ಫಾದರಿಗೆ ಮದುವೆಯೇ ಆಗಿಲ್ಲ ಎಂದು ಮಂಜಮ್ಮ ಮನಸ್ಸಿನಲ್ಲೇ ಗೊಣಗಿದಳು. ಗೊಣಗಿದರೂ ಆ ಮಾತು ಅವಳನ್ನು ಬಿಡಲಿಲ್ಲ.

ಸಮಾಧಿಗಳ ಸಾಲಿನಲ್ಲಿ ಒಬ್ಬೊಬ್ಬರೇ ಹೆಸರು ಹೇಳುತ್ತ ಬಂದರು. ಇಳಿಹೊತ್ತಿನ ಬೆಳಕಿನಲ್ಲಿ ಬತ್ತಿಗಳು ಉರಿಯುತ್ತಿವೆಯೋ ಇಲ್ಲವೋ ಎನ್ನುವ ಹಾಗೆ ಉರಿಯುತ್ತಿದ್ದವು. ಅವಳ ಸರದಿ ಬಂದಾಗ ಪುಷ್ಪಲತಾ ರೂಢಿಯಂತೆ ಬಾಯಿ ತೆರೆದಳು. ಮಂಜಮ್ಮ ಅವಳ ಮುಂಗೈ ಹಿಡಿದು ತಡೆದಳು. ತಡೆದಳೇನೋ ಸರಿ, ನಾಲಿಗೆ ಏಳಬೇಕಲ್ಲ. ಎಲ್ಲರೂ ಕಾಯುತ್ತಿದ್ದರು, ಫಾದರ್ ಕಣ್ಣು ಮುಚ್ಚಿದ್ದರು. ಆಗ, ಎಲ್ಲಿತ್ತೋ ಏನೋ, ಮದುವೆಯಾಗಿ ಬಂದ ದಿನದ ಹೊಸ್ತಿಲು ಕಣ್ಣ ಮುಂದೆ ಬಂತು. ನಾದಿನಿಯರು ಬಾಗಿಲಿಗೆ ಅಡ್ಡ ನಿಂತು, ಗಂಡನ ಹೆಸರು ಸೇರಿಸಿ ಒಡಪು ಹೇಳದೆ ಒಳಗೆ ಬಿಡುವುದಿಲ್ಲ ಎಂದು ಕಾಡಿದ್ದರು. ಕಲಿತು ಬಂದಿದ್ದ ಒಡಪು ಅಂದು ನಾಚಿಕೆಗೆ ಬಾಯಿಂದ ಹೊರಡದೆ ತಲೆತಗ್ಗಿಸಿಯೇ ಒಳಗೆ ನುಸುಳಿದ್ದಳು. ಹೆಂಗಸಿಗೆ ಗಂಡನ ಹೆಸರು ಹೇಳಲು ಪರವಾನಗಿ ಇರುವುದು ಆ ಒಂದು ಜಾಗದಲ್ಲಿ, ಪ್ರಾಸದ ಮರೆಯಲ್ಲಿ. ಮಂಜಮ್ಮ ಸೆರಗು ಸರಿಮಾಡಿಕೊಂಡು ಹೇಳಿದಳು:

"ಕೊಟ್ಟೂರ ಮಂಡಕ್ಕಿ, ಹಡಗಲಿ ಮಲ್ಲಿಗಿ,
ಹುಲುಗಣ್ಣೋರ ಕೈ ಹಿಡಿದು ಬಂದೆ ಕೂಡ್ಲಿಗಿ."

ಯಾರೋ ಕಿಸಕ್ಕನೆ ನಕ್ಕರು. ಗೋರಿಯ ಮುಂದೆ ಒಡಪು ಕೇಳಿದವರು ಯಾರಿದ್ದಾರೆ ಹೇಳಿ. ಮಂಜಮ್ಮನಿಗೂ ನಗು ಬಂತು. ಆ ನಗುವಿನಲ್ಲೇ ಅವಳು ಪ್ರಾಸವನ್ನೆಲ್ಲ ಬಿಟ್ಟು, "ಹುಲುಗಣ್ಣ" ಎಂದಳು. ಇನ್ನೊಮ್ಮೆ ಎಂದಳು. ಎಷ್ಟು ಚಂದದ ಹೆಸರು ಇದು, ಎಂಥ ಹೆಸರನ್ನು ಇಷ್ಟು ವರ್ಷ ಒಳಗೇ ಕೊಳೆಹಾಕಿದ್ದೆ ಎಂದು ಅವಳಿಗೆ ದುಃಖ ಒತ್ತರಿಸಿ ಬಂತು. ಅಪ್ಪನ ಹೆಸರನ್ನು ಅವ್ವನ ಬಾಯಲ್ಲಿ ಕೇಳಿದ್ದು ಇದೇ ಮೊದಲಾದ್ದರಿಂದ ಪುಷ್ಪಲತಾ ನಿಂತಲ್ಲೇ ಅತ್ತಳು.

ಪ್ರಾರ್ಥನೆ ಮುಗಿದು ಜನ ಕರಗಿದರು. ಮಂಜಮ್ಮ ಹಿಂದೆ ಉಳಿದು ಸಮಾಧಿಯ ಪಕ್ಕ ಕುಳಿತಳು. ನಮ್ಮ ಕಡೆ ಮನೆಯಿಂದ ಹೊರಟವರನ್ನು ಬರೀ 'ಹೋಗ್ರಿ' ಎಂದು ಯಾರೂ ಕಳಿಸುವುದಿಲ್ಲ, 'ಹೋಗಿ ಬರ್ರಿ' ಎನ್ನಬೇಕು. ಡ್ಯೂಟಿಗೆ ಹೊರಟ ಗಂಡನಿಗೆ ದಿನಾ ಬೆಳಿಗ್ಗೆ ಅವಳು ಹೇಳಿದ್ದೂ ಅದೇ ಮಾತು. ಈಗಲೂ ಅದೇ ತುಟಿಗೆ ಬಂತು. ಅರ್ಧಕ್ಕೆ ನಿಲ್ಲಿಸಿ, ಬಿಸಿಲಿಗೆ ಕಾದಿದ್ದ ಕಲ್ಲಿನ ಮೇಲೆ ಅಂಗೈ ಇಟ್ಟಳು.

"ನೀವು ಹೋಗ್ರಿ," ಎಂದಳು. "ಬರೂದು ಇನ್ನ ನನ್ನ ಪಾಳಿ."